ಆಕ್ಸೆಸಿಬಿಲಿಟಿ ಗೈಡ್ ಬರೆಯುವಾಗ ಹೊರಗಿನ ಲಿಂಕ್ ಯಾವಾಗ ಕೊಡಬೇಕು?

"ಅಕ್ಷರ ಮತ್ತು ಹಿನ್ನೆಲೆಯ ನಡುವೆ ಸಾಕಷ್ಟು ಕಾಂಟ್ರಾಸ್ಟ್ ಇರಲಿ. ಹೆಚ್ಚಿನ ವಿವರಕ್ಕೆ ಡಬ್ಲ್ಯುಸಿಎಜಿ ನೋಡಿ."

ಇಂಥ ಸಾಲು ಡಿಸೈನ್ ಗೈಡ್‌ಗಳಲ್ಲಿ, ವೆಬ್‌ಸೈಟ್ ಕೈಪಿಡಿಗಳಲ್ಲಿ ಎಷ್ಟೋ ಕಡೆ ಕಾಣುತ್ತದೆ. ಕಾಂಟ್ರಾಸ್ಟ್ ಎಂದರೆ ಎರಡು ಬಣ್ಣಗಳ ಹೊಳಪಿನ ಅಂತರ. ಡಬ್ಲ್ಯುಸಿಎಜಿ ಎಂದರೆ ವೆಬ್ಬನ್ನು ಆಕ್ಸೆಸಿಬಲ್ ಆಗಿ, ಅಂದರೆ ಅಂಗವಿಕಲರೂ ಬಳಸಲು ಆಗುವಂತೆ, ಮಾಡಲು ಇರುವ ಅಂತರರಾಷ್ಟ್ರೀಯ ಮಾನದಂಡ. ಸಂಜೆಯೊಳಗೆ ಒಂದು ಬಟನ್‌ನ ಬಣ್ಣ ಸರಿ ಮಾಡಬೇಕಾದ ಡೆವಲಪರ್ ಆ ಲಿಂಕ್ ಒತ್ತುತ್ತಾರೆ. ಎದುರಿಗೆ ಬರುವುದು 86 ಮಾನದಂಡಗಳ ಉದ್ದನೆಯ ಇಂಗ್ಲಿಷ್ ದಾಖಲೆ. ಅವರಿಗೆ ಬೇಕಿದ್ದದ್ದು ಒಂದು ಸಂಖ್ಯೆ. ಅದು ಸಿಗುವ ಮೊದಲೇ ಟ್ಯಾಬ್ ಮುಚ್ಚುತ್ತಾರೆ. ಬಟನ್ ಹಾಗೇ ಉಳಿಯುತ್ತದೆ. ಕಣ್ಣು ಮಂದವಾಗಿರುವ ಗ್ರಾಹಕರಿಗೆ ಅದು ಸರಿಯಾಗಿ ಕಾಣುವುದೇ ಇಲ್ಲ. ಊಟಕ್ಕೆ ಕರೆದು ಹೋಟೆಲಿನ ವಿಳಾಸ ಕೊಟ್ಟ ಹಾಗಾಯಿತು, ಅಲ್ವಾ?

ಹಾಗಂತ ಲಿಂಕೇ ಬೇಡ ಎಂದು ಹೊರಟರೆ ಇನ್ನೊಂದು ತೊಂದರೆ. ಕಾನೂನಿನ ಮಾತನ್ನು ನಮ್ಮ ಬಾಯಲ್ಲಿ ಹೇಳಿ ಮುಗಿಸಿದರೆ ಅದನ್ನು ಯಾರೂ ಪರಿಶೀಲಿಸಲು ಆಗುವುದಿಲ್ಲ. ಹಳೆಯದಾದರೂ ಗೊತ್ತಾಗುವುದಿಲ್ಲ.

ತಮ್ಮ ತಂಡಕ್ಕೆ, ಕಾಲೇಜಿಗೆ, ಬ್ಯಾಂಕಿನ ಆ್ಯಪ್‌ಗೆ ಅಥವಾ ಇಲಾಖೆಯ ವೆಬ್‌ಸೈಟ್‌ಗೆ ಆಕ್ಸೆಸಿಬಿಲಿಟಿ ಗೈಡ್ ಬರೆಯುತ್ತಿರುವವರಿಗಾಗಿ ಈ ಲೇಖನ. ನನ್ನ ನಿಲುವು ಸರಳ. ಓದುಗರ ಕೈಯಲ್ಲಿರುವ ಕೆಲಸ ನಿಮ್ಮ ಪುಟದಲ್ಲೇ ಮುಗಿಯಬೇಕು. ಪರಿಶೀಲಿಸಲು, ಅಳೆಯಲು, ಇನ್ನೂ ಆಳಕ್ಕೆ ಹೋಗಲು ಮಾತ್ರ ಅವರು ಹೊರಗೆ ಹೋಗುವಂತಿರಬೇಕು.

ಹೆಜ್ಜೆ 1: ಮೊದಲು ಒಂದೂ ಲಿಂಕ್ ಇಲ್ಲದೆ ಬರೆಯಿರಿ

ಕರಡು ಬರೆಯುವಾಗ ಲಿಂಕ್ ಹಾಕಲೇಬೇಡಿ. ಬರೆದದ್ದನ್ನು ಪ್ರಿಂಟ್ ತೆಗೆದು ತಂಡದ ಹೊಸಬರ ಕೈಗೆ ಕೊಡಿ. ಕಾಗದದಲ್ಲಿ ಏನೂ ಒತ್ತಲು ಆಗುವುದಿಲ್ಲವಲ್ಲ. ಅವರು ಅದನ್ನು ಓದಿ ಕೆಲಸ ಮಾಡಬಲ್ಲರೇ? ಎಲ್ಲಿ ತಡವರಿಸುತ್ತಾರೆ? ಅಲ್ಲಿ ನಿಮ್ಮ ಪುಟದಲ್ಲಿ ಏನೋ ಕಡಿಮೆಯಾಗಿದೆ.

ಕಾಂಟ್ರಾಸ್ಟ್ ವಿಷಯವನ್ನೇ ನೋಡೋಣ. ಡೆವಲಪರ್‌ಗೆ ಬೇಕಾದದ್ದು ಇಷ್ಟು. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು. ದೊಡ್ಡ ಅಕ್ಷರಕ್ಕೆ 3:1 ಸಾಕು. ದೊಡ್ಡದು ಎಂದರೆ 18 ಪಾಯಿಂಟ್, ಅಂದರೆ 24 ಪಿಕ್ಸೆಲ್. ಬೋಲ್ಡ್ ಆಗಿದ್ದರೆ 14 ಪಾಯಿಂಟ್, ಅಂದರೆ ಸುಮಾರು 18.7 ಪಿಕ್ಸೆಲ್. ಫಾರ್ಮ್‌ನ ಚೌಕದ ಗೆರೆ, ಅರ್ಥ ಹೇಳುವ ಐಕಾನ್, ಇವಕ್ಕೂ 3:1 ಬೇಕು. ಲೋಗೋಗೆ, ಒತ್ತಲು ಬಾರದಂತೆ ಮಾಡಿಟ್ಟ ಬಟನ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಇಷ್ಟೂ ಒಂದು ಪ್ಯಾರಾದಲ್ಲಿ ಹಿಡಿಯಿತು. ಇದಕ್ಕಾಗಿ ಯಾರನ್ನೂ ಹೊರಗೆ ಕಳಿಸಬೇಕಾಗಿಲ್ಲ.

ಇನ್ನೊಂದು ಮಾತು. ಕನ್ನಡದ ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡು ಮಸುಕಾಗುತ್ತವೆ. "ಸ್ವಾತಂತ್ರ್ಯ" ಎಂಬ ಪದವನ್ನು 12 ಪಿಕ್ಸೆಲ್‌ನಲ್ಲಿ, ತೆಳು ಬೂದು ಬಣ್ಣದಲ್ಲಿ ಹಾಕಿ ನೋಡಿ. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಬರೆದ ಲೇಖನಗಳಲ್ಲಿ ಈ ಸಮಸ್ಯೆಗೆ ಉತ್ತರ ಸಿಗುವುದಿಲ್ಲ. ನಿಮ್ಮ ಆ್ಯಪ್‌ನ ಕನ್ನಡ ಫಾಂಟ್ ಯಾವುದು, ಎಷ್ಟು ಗಾತ್ರಕ್ಕಿಂತ ಕೆಳಗೆ ಇಳಿಯಬಾರದು ಎಂಬುದನ್ನು ನೀವೇ ಪರೀಕ್ಷಿಸಿ, ನೀವೇ ಬರೆಯಬೇಕು. ನಿಮ್ಮ ಗೈಡ್‌ನ ನಿಜವಾದ ಬೆಲೆ ಇರುವುದು ಇಂಥ ಸಾಲುಗಳಲ್ಲಿ.

ಇಷ್ಟು ಬರೆದ ಮೇಲೆ ಏನು ಉಳಿಯಿತು? ಕಾಂಟ್ರಾಸ್ಟ್ ಅಳೆಯುವ ಉಪಕರಣ ಮತ್ತು "ಈ ಸಂಖ್ಯೆ ಎಲ್ಲಿಂದ ಬಂತು" ಎಂಬ ಪ್ರಶ್ನೆಗೆ ಉತ್ತರ. ಲಿಂಕ್ ಬೇಕಾದದ್ದು ಈ ಎರಡಕ್ಕೆ.

ಹೆಜ್ಜೆ 2: ಲಿಂಕ್ ಕೊಡಲೇಬೇಕಾದ ಜಾಗ ಗುರುತಿಸಿ

ಮೊದಲನೆಯದು ಕಾನೂನು. ನಮ್ಮ ದೇಶದಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದ್ದು. ಅದರ 40, 42 ಮತ್ತು 46ನೇ ಸೆಕ್ಷನ್‌ಗಳು ವೆಬ್‌ಸೈಟ್, ಆ್ಯಪ್ ಮಾಡುವವರು ಓದಲೇಬೇಕಾದವು. ಅದರ ಜೊತೆಗೆ 2017ರ ನಿಯಮಗಳು, ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಎಂಬ ಆಕ್ಸೆಸಿಬಿಲಿಟಿ ಮಾನದಂಡ, ಸರ್ಕಾರಿ ವೆಬ್‌ಸೈಟ್‌ಗಳಿಗಾಗಿ ಜಿಐಜಿಡಬ್ಲ್ಯು ಮಾರ್ಗಸೂಚಿ ಇವೆ. ಇವು ಬದಲಾಗುತ್ತಲೇ ಇರುತ್ತವೆ. ಜಿಐಜಿಡಬ್ಲ್ಯು ಮೊದಲು ಬಂದದ್ದು 2009ರಲ್ಲಿ, 3.0 ಆವೃತ್ತಿ ಬಂದದ್ದು 2023ರಲ್ಲಿ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ರಾಜೀವ್ ರಾತೂರಿ ಪ್ರಕರಣದಲ್ಲಿ, 2017ರ ನಿಯಮಗಳ 15(1) (ಆಕ್ಸೆಸಿಬಿಲಿಟಿ ಮಾನದಂಡಗಳ ಬಗೆಗಿನ ನಿಯಮ) ಮೂಲ ಕಾಯ್ದೆಗೆ ವಿರುದ್ಧವಾಗಿದೆ ಎಂದು ಹೇಳಿತು. ಬರೀ ಶಿಫಾರಸು ಸಾಲದು, ಕಡ್ಡಾಯ ಮಾನದಂಡ ರೂಪಿಸಿ ಎಂದು ಕೇಂದ್ರಕ್ಕೆ ಸೂಚಿಸಿತು. ಅದಕ್ಕೂ ಮೊದಲು ಯಾರಾದರೂ ನಿಯಮ 15ನ್ನು ತಮ್ಮ ಗೈಡ್‌ನಲ್ಲಿ ಪೂರ್ತಿ ನಕಲು ಮಾಡಿಟ್ಟಿದ್ದರೆ, ಆ ಪುಟ ಒಂದೇ ದಿನದಲ್ಲಿ ದಾರಿ ತಪ್ಪಿಸುವ ಪುಟವಾಯಿತು. ಹಾಗಾಗಿ ಕಾನೂನಿನ ಸಾರವನ್ನು ಎರಡು ಸಾಲಿನಲ್ಲಿ ಹೇಳಿ, "ಇದು ಇಂಥ ದಿನಾಂಕದ ಮಟ್ಟಿಗೆ" ಎಂದು ಸೇರಿಸಿ, ಮೂಲಕ್ಕೆ ಲಿಂಕ್ ಕೊಡಿ.

ಎರಡನೆಯದು ಮಾನದಂಡದ ಮೂಲ ಪಠ್ಯ. ಇಲ್ಲಿ ಒಂದು ಸೂಕ್ಷ್ಮ ಇದೆ. ಡಬ್ಲ್ಯುಸಿಎಜಿ ಎಂಬುದು ಮಾನದಂಡಗಳ ಪಟ್ಟಿ. ಅದನ್ನು ರೂಪಿಸಿದ ಡಬ್ಲ್ಯು3ಸಿ ಸಂಸ್ಥೆ ಅದರ ಜೊತೆಗೆ ಪ್ರತಿ ಮಾನದಂಡಕ್ಕೂ ಒಂದೊಂದು ವಿವರಣೆಯ ಪುಟ ಇಟ್ಟಿದೆ, ಮಾಡುವ ವಿಧಾನಗಳ ಪುಟಗಳನ್ನೂ ಇಟ್ಟಿದೆ. ಪಾಲಿಸಲೇಬೇಕಾದದ್ದು ಮಾನದಂಡ ಮಾತ್ರ. ಉಳಿದವು ತಿಳಿವಳಿಕೆಗೆ. ಡೆವಲಪರ್‌ಗೆ ವಿವರಣೆಯ ಪುಟ ಹೆಚ್ಚು ಉಪಯೋಗ. ಟೆಂಡರ್ ಬರೆಯುವವರಿಗೆ, ಆಡಿಟ್ ಮಾಡುವವರಿಗೆ ಮಾನದಂಡದ ಪಠ್ಯವೇ ಬೇಕು. ಯಾವುದನ್ನು ಕೊಟ್ಟರೂ ಮುಖಪುಟಕ್ಕೆ ಲಿಂಕ್ ಮಾಡಬೇಡಿ. ಕಾಂಟ್ರಾಸ್ಟ್ ಬಗ್ಗೆ ಬರೆದಿದ್ದರೆ ನೇರವಾಗಿ ಅದರ ಮಾನದಂಡವಾದ 1.4.3ಕ್ಕೇ ಕರೆದುಕೊಂಡು ಹೋಗಿ.

ಮೂರನೆಯದು ಉಪಕರಣಗಳು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್, ಉಚಿತ. ಅದರ ಜೊತೆಗೆ ಬರುವ ಈ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಅದನ್ನು ತಯಾರಿಸುವ ಸಂಸ್ಥೆಯ ತಾಣಕ್ಕೇ ಲಿಂಕ್ ಕೊಡಿ. ಯಾವುದೋ ಡೌನ್‌ಲೋಡ್ ತಾಣಕ್ಕೆ ಬೇಡ. ಕೀಬೋರ್ಡ್ ಕೀಗಳ ಪೂರ್ತಿ ಪಟ್ಟಿಯನ್ನೂ ಅಲ್ಲೇ ನೋಡಲಿ. ಆದರೆ ನಿಮ್ಮ ಪುಟ ಪರೀಕ್ಷಿಸಲು ಬೇಕಾದ ನಾಲ್ಕೈದು ಕೀಗಳನ್ನು ಮಾತ್ರ ನೀವೇ ಹೇಳಿ. ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಮುಂದಿನ ಲಿಂಕ್, ಎಫ್ ಒತ್ತಿದರೆ ಫಾರ್ಮ್‌ನ ಮುಂದಿನ ಜಾಗ, ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಎಲ್ಲ ಲಿಂಕ್‌ಗಳ ಪಟ್ಟಿ.

ನಾಲ್ಕನೆಯದನ್ನು ತುಂಬಾ ಜನ ಮರೆಯುತ್ತಾರೆ: ಅಂಗವಿಕಲರ ಸ್ವಂತ ಮಾತು. ಕಣ್ಣು ಕಾಣದವರೊಬ್ಬರು ಬ್ಯಾಂಕಿನ ಆ್ಯಪ್ ಹೇಗೆ ಬಳಸುತ್ತೇನೆ ಎಂದು ತಾವೇ ಮಾಡಿದ ವಿಡಿಯೋ ಇದ್ದರೆ, ನೀವು ಅದನ್ನು ನಿಮ್ಮ ಮಾತಿನಲ್ಲಿ ಹೇಳಲು ಹೋಗಬೇಡಿ. ಅವರ ಹೆಸರು ಹೇಳಿ, ಅವರ ಪುಟಕ್ಕೇ ಕಳಿಸಿ. ಅವರ ಅನುಭವದ ಶ್ರೇಯ ಅವರಿಗೇ ಸೇರಬೇಕು.

ಹೆಜ್ಜೆ 3: ನಿರ್ಧಾರವನ್ನು ಹೊರಗೆ ತಳ್ಳಬೇಡಿ

ಲಿಂಕ್ ಕೊಡಬಾರದ ಮುಖ್ಯ ಜಾಗ ಇದು. ಹಲವು ದಾರಿಗಳಲ್ಲಿ ಒಂದನ್ನು ಆರಿಸಬೇಕಾದಾಗ "ಇದನ್ನು ಓದಿ ನಿರ್ಧರಿಸಿ" ಎಂದು ಕೈ ತೊಳೆದುಕೊಂಡರೆ, ಪ್ರತಿ ಡೆವಲಪರ್ ಒಂದೊಂದು ದಾರಿ ಹಿಡಿಯುತ್ತಾರೆ.

ವೆಬ್‌ಸೈಟ್‌ನ ಮೇಲ್ಭಾಗದ ಮೆನು ಇದಕ್ಕೆ ಒಳ್ಳೆಯ ಉದಾಹರಣೆ. ಅರಿಯಾ ಎಂದರೆ ಪುಟದ ಯಾವ ಭಾಗ ಏನು ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಕೋಡ್ ಗುರುತುಗಳು. ಡಬ್ಲ್ಯು3ಸಿಯ ಅರಿಯಾ ಪ್ಯಾಟರ್ನ್ ಮಾರ್ಗದರ್ಶಿಯಲ್ಲಿ ಮೆನುಬಾರ್ ಎಂಬ ಮಾದರಿ ಇದೆ. ಒತ್ತಿದರೆ ತೆರೆದುಕೊಳ್ಳುವ, ಮತ್ತೆ ಒತ್ತಿದರೆ ಮುಚ್ಚಿಕೊಳ್ಳುವ ಡಿಸ್‌ಕ್ಲೋಷರ್ ಮಾದರಿಯೂ ಇದೆ. ಮೆನುಬಾರ್ ಎಂಬ ಹೆಸರು ನೋಡಿ ಜನ ಅದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಅದು ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ನ ಮೆನುವಿನಂತೆ ನಡೆದುಕೊಳ್ಳುತ್ತದೆ. ಬಾಣದ ಕೀಗಳಿಂದ ಓಡಾಡಬೇಕು. ಟ್ಯಾಬ್ ಒತ್ತಿದರೆ ಇಡೀ ಮೆನುವಿನಿಂದಲೇ ಹೊರಗೆ ಬೀಳುತ್ತೀರಿ. ನಾಲ್ಕು ಪುಟಗಳ ಲಿಂಕ್ ಇರುವ ಸಾಮಾನ್ಯ ತಾಣಕ್ಕೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿನ ಮಾದರಿ ಕೋಡ್ ಅರಿಯಾ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ಇರುವಂಥದ್ದು. ಬಳಸುವ ಮೊದಲು ನಿಜವಾದ ಬ್ರೌಸರ್ ಮತ್ತು ಸ್ಕ್ರೀನ್ ರೀಡರ್‌ಗಳಲ್ಲಿ ಪರೀಕ್ಷಿಸಬೇಕು.

ಹಾಗಾದರೆ ಗೈಡ್‌ನಲ್ಲಿ ಏನು ಬರೆಯಬೇಕು? "ನಮ್ಮ ತಾಣದ ಮೆನುಗೆ ಡಿಸ್‌ಕ್ಲೋಷರ್ ಮಾದರಿಯನ್ನೇ ಬಳಸಿ. ಮೆನುಬಾರ್ ಬೇಡ. ಕಾರಣ ಇದು. ಕೋಡ್ ಇಲ್ಲಿದೆ. ಇಂಥ ಫೋನ್‌ನಲ್ಲಿ, ಇಂಥ ಸ್ಕ್ರೀನ್ ರೀಡರ್‌ನಲ್ಲಿ ಪರೀಕ್ಷಿಸಿದ್ದೇವೆ." ಅದರ ಕೆಳಗೆ ಆ ಒಂದು ಉದಾಹರಣೆಗೆ ಒಂದು ಲಿಂಕ್. ನಿರ್ಧಾರ ನಿಮ್ಮದು, ಆಧಾರ ಅವರದು.

ಪುಟದ ಕೊನೆಯಲ್ಲಿ "ಇನ್ನಷ್ಟು ಓದಿಗೆ" ಎಂದು ಹದಿನೈದು ಲಿಂಕ್ ಸುರಿಯುವ ಅಭ್ಯಾಸವನ್ನೂ ಬಿಡಿ. ಯಾರೂ ಅದನ್ನು ಓದುವುದಿಲ್ಲ, ಯಾರೂ ಅದನ್ನು ನೋಡಿಕೊಳ್ಳುವುದೂ ಇಲ್ಲ.

ಹೆಜ್ಜೆ 4: ಕಳಿಸುವ ಮೊದಲು ಆ ಪುಟಕ್ಕೆ ನೀವೇ ಹೋಗಿ ಬನ್ನಿ

ಬರೆದವರು ಯಾರು, ಅವರು ಏನು ಮಾರುತ್ತಾರೆ ಎಂದು ಮೊದಲು ನೋಡಿ. ಆಕ್ಸೆಸಿಬಿಲಿಟಿ ಬಗ್ಗೆ ಹುಡುಕಿದರೆ ಮೇಲೆ ಬರುವ ಎಷ್ಟೋ ಲೇಖನಗಳು ಯಾವುದಾದರೂ ಉತ್ಪನ್ನ ಮಾರುವ ಕಂಪನಿಗಳದ್ದು. ಒಂದು ಸಾಲು ಕೋಡ್ ಹಾಕಿದರೆ ತಾಣವೆಲ್ಲ ಸರಿಯಾಗುತ್ತದೆ ಎನ್ನುವ ಓವರ್‌ಲೇ ಉತ್ಪನ್ನಗಳ ಬಗ್ಗೆ ಜಾಸ್ತಿ ಎಚ್ಚರ ಇರಲಿ. 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆ್ಯಕ್ಸೆಸಿಬೀ ಎಂಬ ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕು ಎಂದು ಆದೇಶಿಸಿತು. ತನ್ನ ಉಪಕರಣ ಯಾವ ತಾಣವನ್ನಾದರೂ ಡಬ್ಲ್ಯುಸಿಎಜಿಗೆ ಹೊಂದಿಸುತ್ತದೆ ಎಂಬ ಹೇಳಿಕೆಗೆ ಆಧಾರವಿಲ್ಲ ಎಂಬುದು ಅಲ್ಲಿನ ಆರೋಪ. ಕಂಪನಿಯ ಲೇಖನ ಎಂದ ಮಾತ್ರಕ್ಕೆ ಕೆಟ್ಟದ್ದೇನಲ್ಲ. ಆದರೆ ನಿಮ್ಮ ಗೈಡ್‌ನಿಂದ ಲಿಂಕ್ ಹೋದರೆ ಓದುಗರು ಅದನ್ನು ನಿಮ್ಮ ಶಿಫಾರಸು ಎಂದೇ ತಿಳಿಯುತ್ತಾರೆ.

ಆಮೇಲೆ ಎಷ್ಟು ಹಳೆಯದು ಎಂದು ನೋಡಿ. ಡಬ್ಲ್ಯುಸಿಎಜಿ 2.0 ಬಂದದ್ದು 2008ರಲ್ಲಿ, 2.1 ಬಂದದ್ದು 2018ರಲ್ಲಿ, 2.2 ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಬೇಗ ಪತ್ತೆ ಮಾಡಲು ಒಂದು ಗುರುತು ಹೇಳುತ್ತೇನೆ. 4.1.1 (ಪುಟದ ಕೋಡ್ ರಚನೆ ತಪ್ಪಿಲ್ಲದೆ ಇರಬೇಕು) ಎಂಬ ಮಾನದಂಡವನ್ನು 2.2ರಲ್ಲಿ ತೆಗೆದುಹಾಕಿದ್ದಾರೆ. 2.2 ಎಂದು ಹೇಳಿಕೊಂಡೂ 4.1.1 ಪಾಲಿಸಿ ಎನ್ನುವ ಲೇಖನ ಸಿಕ್ಕರೆ, ಅದನ್ನು ಸರಿಯಾಗಿ ಪರಿಷ್ಕರಿಸಿಲ್ಲ ಎಂದರ್ಥ. ಒತ್ತುವ ಜಾಗದ ಗಾತ್ರವನ್ನೂ ನೋಡಿ. ಡಬ್ಲ್ಯುಸಿಎಜಿಯಲ್ಲಿ ಎ, ಎಎ, ಎಎಎ ಎಂದು ಮೂರು ಮಟ್ಟಗಳಿವೆ, ಎಎಎ ಅತಿ ಕಟ್ಟುನಿಟ್ಟಾದದ್ದು. 2.2ರಲ್ಲಿ ಎಎ ಮಟ್ಟಕ್ಕೆ 24 ಪಿಕ್ಸೆಲ್ ಉದ್ದ, 24 ಪಿಕ್ಸೆಲ್ ಅಗಲ ಎಂಬ ಕನಿಷ್ಠ ಅಳತೆ ಬಂದಿದೆ, ಕೆಲವು ವಿನಾಯಿತಿಗಳ ಜೊತೆ. 44 ಪಿಕ್ಸೆಲ್ ಎಂಬುದು ಎಎಎ ಮಟ್ಟದ್ದು. ಈ ಎರಡನ್ನು ಗೊಂದಲ ಮಾಡಿರುವ ಪುಟಕ್ಕೆ ಯಾರನ್ನೂ ಕಳಿಸಬೇಡಿ.

ಮುಂದಿನದು ನನಗೆ ತುಂಬಾ ಮುಖ್ಯ ಎನಿಸುವ ಪರೀಕ್ಷೆ. ನೀವು ಲಿಂಕ್ ಕೊಡುವ ಪುಟವೇ ಆಕ್ಸೆಸಿಬಲ್ ಆಗಿದೆಯೇ? ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಯಲ್ಲಿ ಓಡಾಡಿ ನೋಡಿ. ವಿಡಿಯೋ ಇದ್ದರೆ ಕ್ಯಾಪ್ಷನ್ ಇದೆಯೇ ನೋಡಿ. ನಿಮ್ಮ ಗೈಡ್ ಓದುವವರಲ್ಲೂ ಸ್ಕ್ರೀನ್ ರೀಡರ್ ಬಳಸುವ ಡೆವಲಪರ್‌ಗಳು, ಟೆಸ್ಟರ್‌ಗಳು ಇರುತ್ತಾರೆ. ಅವರನ್ನು ಓದಲಾಗದ ಪುಟಕ್ಕೆ ಕಳಿಸುವುದು ಸರಿಯಲ್ಲ.

ಕನ್ನಡದಲ್ಲಿ ಇದು ಪಿಡಿಎಫ್ ವಿಷಯಕ್ಕೆ ಬಂದಾಗ ದೊಡ್ಡ ತೊಡಕು. ಹಳೆಯ ಆದೇಶಗಳು, ಸುತ್ತೋಲೆಗಳು ಎಷ್ಟೋ ಸಲ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ ಇರುತ್ತವೆ. ಕಣ್ಣಿಗೆ ಕನ್ನಡ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ, ಒಂದು ಪದವೂ ಅರ್ಥವಾಗುವುದಿಲ್ಲ. ಇನ್ನು ಕೆಲವು ಸುಮ್ನೆ ಸ್ಕ್ಯಾನ್ ಮಾಡಿದ ಚಿತ್ರಗಳು. ಅವುಗಳಲ್ಲಿ ಓದಲು ಅಕ್ಷರವೇ ಇರುವುದಿಲ್ಲ.

ಪತ್ತೆ ಮಾಡುವುದು ಸುಲಭ. ಪಿಡಿಎಫ್‌ನ ಒಂದು ಸಾಲು ಆಯ್ಕೆ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಸರಿಯಾದ ಕನ್ನಡ ಬಂದರೆ ಒಳ್ಳೆಯದು. ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಹಳೆಯ ಫಾಂಟ್. ಸಾಲು ಆಯ್ಕೆಯೇ ಆಗದಿದ್ದರೆ ಬಹುತೇಕ ಅದು ಸ್ಕ್ಯಾನ್. ಹಳೆಯ ಫಾಂಟ್ ಅಥವಾ ಸ್ಕ್ಯಾನ್ ಆಗಿದ್ದರೆ, ಬೇಕಾದ ಭಾಗವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ನಿಮ್ಮ ಪುಟದಲ್ಲೇ ಹಾಕಿ. ಆದೇಶದ ಸಂಖ್ಯೆ, ದಿನಾಂಕ ಬರೆಯಿರಿ. ಮೂಲಕ್ಕೂ ಲಿಂಕ್ ಕೊಡಿ, ಆದರೆ "ಸ್ಕ್ಯಾನ್ ಮಾಡಿದ ಪ್ರತಿ, ಸ್ಕ್ರೀನ್ ರೀಡರ್ ಓದುವುದಿಲ್ಲ" ಎಂದು ಮೊದಲೇ ಹೇಳಿ.

ಭಾಷೆಯ ಪ್ರಶ್ನೆಯೂ ಇದೆ. ಒಳ್ಳೆಯ ಸಂಪನ್ಮೂಲಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿವೆ. ಇಂಗ್ಲಿಷ್ ಲಿಂಕ್ ಕೊಡಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಏನಿದೆ ಎಂದು ಎರಡು ಮೂರು ಕನ್ನಡ ವಾಕ್ಯಗಳಲ್ಲಿ ಮೇಲೆ ಬರೆಯಿರಿ. ಜಿಲ್ಲಾ ಕೇಂದ್ರದ ಕಚೇರಿಯಲ್ಲಿ ವೆಬ್‌ಸೈಟ್‌ಗೆ ಮಾಹಿತಿ ಏರಿಸುವ ಆಪರೇಟರ್‌ಗೆ ಆ ಎರಡು ವಾಕ್ಯಗಳೇ ಸಾಕಾಗಬಹುದು. ಲಾಗಿನ್ ಬೇಕು, ದುಡ್ಡು ಕೊಡಬೇಕು ಎಂದಿದ್ದರೆ ಅದನ್ನೂ ಮೊದಲೇ ತಿಳಿಸಿ.

ಹೆಜ್ಜೆ 5: ಲಿಂಕನ್ನು ಸರಿಯಾಗಿ ಬರೆಯಿರಿ

"ಇಲ್ಲಿ ಕ್ಲಿಕ್ ಮಾಡಿ" ಬೇಡ. ಮೇಲೆ ಹೇಳಿದ ಇನ್ಸರ್ಟ್-ಎಫ್7 ಪಟ್ಟಿಯಲ್ಲಿ ಲಿಂಕ್‌ಗಳು ಸುತ್ತಲಿನ ವಾಕ್ಯ ಇಲ್ಲದೆ ಬರುತ್ತವೆ. "ಇಲ್ಲಿ ಕ್ಲಿಕ್ ಮಾಡಿ" ಎಂದು ಹತ್ತು ಸಲ ಕೇಳಿದರೆ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಹೇಗೆ ಗೊತ್ತಾಗಬೇಕು? ಹೀಗೆ ಬರೆಯಿರಿ: "ಡಬ್ಲ್ಯುಸಿಎಜಿ 1.4.3ರ ವಿವರಣೆ, ಡಬ್ಲ್ಯು3ಸಿ ತಾಣ (ಇಂಗ್ಲಿಷ್‌ನಲ್ಲಿ)". ಫೈಲ್ ಆಗಿದ್ದರೆ "ಪಿಡಿಎಫ್, 2 ಎಂಬಿ" ಎಂದೂ ಸೇರಿಸಿ.

ಲಿಂಕ್‌ನ ಹೆಸರಲ್ಲಿ ಇಂಗ್ಲಿಷ್ ಲಿಪಿಯ ಪದಗಳಿದ್ದರೆ ಎಚ್‌ಟಿಎಂಎಲ್‌ನಲ್ಲಿ ಅಷ್ಟು ಭಾಗಕ್ಕೆ ಇಂಗ್ಲಿಷ್ ಎಂದು ಲ್ಯಾಂಗ್ ಗುರುತು ಹಾಕಿ. ಇಲ್ಲದಿದ್ದರೆ ಕನ್ನಡದ ಧ್ವನಿಯೇ ಅದನ್ನು ಹೇಗೋ ಉಚ್ಚರಿಸಿ ಗೊಂದಲ ಮಾಡಬಹುದು. ಇದು ಡಬ್ಲ್ಯುಸಿಎಜಿ 3.1.2ರ ಬೇಡಿಕೆಯೂ ಹೌದು.

ಹೊಸ ಟ್ಯಾಬ್‌ನಲ್ಲಿ ತೆರೆಯುವಂತೆ ಮಾಡಬೇಡಿ. ಹೊಸ ಟ್ಯಾಬ್‌ನಲ್ಲಿ ಹಿಂದಕ್ಕೆ ಹೋಗುವ ಬಟನ್ ಕೆಲಸ ಮಾಡುವುದಿಲ್ಲ. ಪರದೆ ಕಾಣದವರಿಗೆ, ಪರದೆಯನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡುವವರಿಗೆ ತಾವು ಎಲ್ಲಿದ್ದೇವೆ ಎಂಬುದೇ ತಿಳಿಯುವುದಿಲ್ಲ. ತುಂಬುತ್ತಿರುವ ಫಾರ್ಮ್ ಅಳಿಸಿಹೋಗುವಂಥ ಕಡೆ ಮಾತ್ರ ಹೊಸ ಟ್ಯಾಬ್ ಇರಲಿ, ಅಲ್ಲೂ "ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ" ಎಂದು ಅಕ್ಷರದಲ್ಲೇ ಬರೆಯಿರಿ. ಬಾಣದ ಐಕಾನ್ ಒಂದೇ ಸಾಲದು.

ಲಿಂಕ್ ಎಲ್ಲಿರಬೇಕು? ಹೆಜ್ಜೆಗಳ ನಡುವೆ ಬೇಡ. ಮೂರನೇ ಹೆಜ್ಜೆಯಲ್ಲಿದ್ದವರನ್ನು ಹೊರಗೆ ಎಳೆದರೆ ನಾಲ್ಕನೆಯದಕ್ಕೆ ಮರಳುವುದು ಎಲ್ಲರಿಗೂ ಕಷ್ಟ. ಗಮನ ಹಿಡಿದಿಡಲು ತೊಂದರೆ ಇರುವವರಿಗೆ ಇನ್ನೂ ಕಷ್ಟ. ಆ ಭಾಗ ಮುಗಿದ ಮೇಲೆ ಕೊಡಿ.

ಒಪ್ಪಂದ ಅಥವಾ ಟೆಂಡರ್‌ಗೆ ಬರೆಯುತ್ತಿದ್ದರೆ ಇನ್ನೊಂದು ಎಚ್ಚರಿಕೆ. ಡಬ್ಲ್ಯು3ಸಿ ತಾಣದಲ್ಲಿ ದಿನಾಂಕ ಇರುವ ವಿಳಾಸ, ದಿನಾಂಕ ಇಲ್ಲದ ವಿಳಾಸ ಎರಡೂ ಇವೆ. ದಿನಾಂಕ ಇಲ್ಲದ್ದು ಆ ಆವೃತ್ತಿಯ ಇತ್ತೀಚಿನ ಪ್ರತಿಗೆ ಹೋಗುತ್ತದೆ. 2.2ರ ಪಠ್ಯವನ್ನೇ 2024ರ ಡಿಸೆಂಬರ್‌ನಲ್ಲಿ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಮತ್ತೆ ಪ್ರಕಟಿಸಿದರು. ಕಲಿಯುವವರಿಗೆ ದಿನಾಂಕ ಇಲ್ಲದ ವಿಳಾಸ ಕೊಡಿ. ಒಪ್ಪಂದದಲ್ಲಿ ದಿನಾಂಕ ಇರುವುದನ್ನೇ ಹಾಕಿ.

ಹೆಜ್ಜೆ 6: ಪ್ರತಿ ಲಿಂಕ್‌ಗೂ ಒಬ್ಬರು ಹೊಣೆ

ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ 38% ಹತ್ತು ವರ್ಷಗಳ ಬಳಿಕ ಸಿಗುತ್ತಿರಲಿಲ್ಲ. ನಿಮ್ಮ ಲಿಂಕ್‌ಗಳಿಗೂ ಇದೇ ಗತಿ ಬರಬಹುದು.

ಒಂದು ಶೀಟ್ ಮಾಡಿ. ಲಿಂಕ್, ಅದು ಯಾವ ಪುಟದಲ್ಲಿದೆ, ಯಾಕೆ ಕೊಟ್ಟೆವು, ಯಾರು ನೋಡಿಕೊಳ್ಳುತ್ತಾರೆ, ಕೊನೆಯ ಸಲ ನೋಡಿದ್ದು ಯಾವಾಗ. "ಯಾಕೆ" ಎಂಬ ಕಾಲಂ ಖಾಲಿ ಉಳಿದರೆ ಆ ಲಿಂಕ್ ತೆಗೆಯಿರಿ. "ಯಾರು" ಎಂಬುದಕ್ಕೆ ಹೆಸರು ಸಿಗದಿದ್ದರೆ ಹೊಸದನ್ನು ಸೇರಿಸಲೇಬೇಡಿ. ಮುರಿದ ಲಿಂಕ್ ಹುಡುಕುವ ಸಾಫ್ಟ್‌ವೇರ್ ಪುಟ ಇಲ್ಲವಾದರೆ ಹೇಳುತ್ತದೆ. ಪುಟ ಇದ್ದು ಒಳಗಿನ ಮಾತು ಬದಲಾಗಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಮನುಷ್ಯರೇ ಓದಬೇಕು. ಡಬ್ಲ್ಯುಸಿಎಜಿಯಲ್ಲಿ, ಕಾನೂನಿನಲ್ಲಿ ಬದಲಾವಣೆ ಬಂದಾಗಲೂ ಓದಬೇಕು. ಮುಖ್ಯವಾದ ಪುಟಗಳ ಒಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿಡಿ.

ಒಂದು ಪುಟ ಮಾಡಿ ನೋಡೋಣ

ವಿಷಯ: ಫಾರ್ಮ್‌ನಲ್ಲಿ ತಪ್ಪಾದಾಗ ತೋರಿಸುವ ಸಂದೇಶ. ನಿಮ್ಮ ಪುಟದಲ್ಲಿ ಇರಬೇಕಾದದ್ದು: ತಪ್ಪನ್ನು ಅಕ್ಷರದಲ್ಲೇ ಹೇಳಿ, ಕೆಂಪು ಗೆರೆ ಒಂದನ್ನೇ ನಂಬಬೇಡಿ. ಯಾವ ಜಾಗದಲ್ಲಿ ತಪ್ಪಾಗಿದೆ ಎಂದು ಹೆಸರಿಸಿ. ಸರಿಮಾಡುವ ದಾರಿಯನ್ನೂ ಹೇಳಿ. "ಅಮಾನ್ಯ ನಮೂದು" ಎಂದು ಬರೆಯುವ ಬದಲು "ಮೊಬೈಲ್ ನಂಬರ್‌ನಲ್ಲಿ 10 ಅಂಕಿ ಇರಬೇಕು. ನೀವು 9 ಹಾಕಿದ್ದೀರಿ" ಎಂದು ಬರೆಯಿರಿ. ಸಂದೇಶವನ್ನು ಆ ಚೌಕಕ್ಕೆ ಜೋಡಿಸುವ ಕೋಡ್ ತುಣುಕನ್ನು ಇಲ್ಲೇ ಹಾಕಿ. ಎನ್‌ವಿಡಿಎಯಲ್ಲಿ ಎಫ್ ಕೀ ಒತ್ತಿ ಚೌಕಕ್ಕೆ ಹೋದಾಗ ಸಂದೇಶ ಕೇಳಿಸಬೇಕು ಎಂಬ ಪರೀಕ್ಷೆಯನ್ನೂ ಬರೆಯಿರಿ.

ಕೊನೆಯಲ್ಲಿ ಮೂರೇ ಲಿಂಕ್. ಡಬ್ಲ್ಯುಸಿಎಜಿ 3.3.1ರ (ತಪ್ಪು ಗುರುತಿಸುವುದು) ವಿವರಣೆ, 3.3.3ರ (ಸರಿಮಾಡುವ ಸಲಹೆ) ವಿವರಣೆ, ಎನ್‌ವಿಡಿಎ ಡೌನ್‌ಲೋಡ್ ಪುಟ. ಅರಿಯಾ ಬಗ್ಗೆ ಯಾರೋ ಬರೆದ ಲೇಖನಕ್ಕೆ ಲಿಂಕ್ ಬೇಡ, ಕೋಡ್ ನಿಮ್ಮಲ್ಲೇ ಇದೆಯಲ್ಲ.

ಪ್ರಕಟಿಸುವ ಮೊದಲು ಇಬ್ಬರಿಗೆ ಕೊಡಿ. ಒಬ್ಬರು ಈ ವಿಷಯಕ್ಕೆ ಹೊಸಬರಾದ ಡೆವಲಪರ್. ಇನ್ನೊಬ್ಬರು ದಿನವೂ ಸ್ಕ್ರೀನ್ ರೀಡರ್ ಬಳಸುವವರು, ಅವರ ಸಮಯಕ್ಕೆ ಸರಿಯಾದ ಸಂಭಾವನೆ ಕೊಡಿ. ಅವರು ಪುಟ ಬಳಸುವಾಗ ಪಕ್ಕದಲ್ಲಿ ಕೂತು, ಯಾವ ಲಿಂಕ್ ಒತ್ತಿದರು, ಯಾಕೆ ಒತ್ತಿದರು, ಮರಳಿ ಬಂದರೇ ಎಂದು ಬರೆದುಕೊಳ್ಳಿ. ಕೆಲಸ ಮುಗಿಯುವ ಮೊದಲೇ ಇಬ್ಬರೂ ಒಂದೇ ಲಿಂಕ್ ಒತ್ತಿ ಹೊರಗೆ ಹೋದರೆ, ಆ ಲಿಂಕ್‌ನ ಆಚೆ ಅವರು ಹುಡುಕಿದ ಉತ್ತರವನ್ನು ನಿಮ್ಮ ಪುಟಕ್ಕೆ ತಂದು ಬರೆಯಿರಿ.